ಬಂಡವಾಳದ ಲೆಕ್ಕ ಬಟವಾಡೆಯಿಂದ ಶುರುವಾಗಲಿ

ಹಳೇ ಮನೆ ರಿಪೇರಿ ಕಂಟ್ರಾಕ್ಟ್ ಶುರು ಮಾಡಬೇಕೆಂದು ಬರುವ ಹುಡುಗರು ನನ್ನನ್ನು ಮೊದಲು ಕೇಳುವುದು ಮಿಷನ್‌ಗಳ ರೇಟು. ಕಟರ್ ಎಷ್ಟು, ಬ್ರೇಕರ್ ಎಷ್ಟು, ಸೆಂಟ್ರಿಂಗ್ ಶೀಟ್ ಎಷ್ಟು? ಚಿತ್ರದುರ್ಗದಲ್ಲಿ ಈ ಕಸುಬು ಮಾಡಿಕೊಂಡಿರುವ ನನ್ನ ಅನುಭವದಲ್ಲಿ ದುಡ್ಡು ಹೆಚ್ಚು ಹಿಡಿದಿಡುವುದು ವಾರದ ಬಟವಾಡೆ. ಮನೆಯವರು ಕೊಡುವುದು ಕೆಲಸ ಕಣ್ಣಿಗೆ ಕಂಡ ಮೇಲೆ. ಕೆಲಸದವರಿಗೆ ಸಂತೆಗೆ ಮುಂಚೆಯೇ ಕೊಡಬೇಕು.

ಮೇಸ್ತ್ರಿಗೆ ದಿನಕ್ಕೆ 1,000, ಇಬ್ಬರು ಆಳುಗಳಿಗೆ ತಲಾ 600 ಎಂದಿಟ್ಟುಕೊಳ್ಳಿ. ದಿನಕ್ಕೆ 2,200, ಆರು ದಿನಕ್ಕೆ 13,200. ಎರಡು ಕಡೆ ಕೆಲಸ ಹಿಡಿದರೆ ವಾರಕ್ಕೆ 26,400. ಒಂದು ಕಂತೂ ಬಾರದೆ ನಾಲ್ಕು ವಾರ ತಡೆದುಕೊಳ್ಳಲು 1,05,600 ರೂಪಾಯಿ ಬೇಕು. ಕೈಯಲ್ಲಿ 3 ಲಕ್ಷ ಇದ್ದರೆ ಇಷ್ಟನ್ನು ಮೊದಲೇ ಬೇರೆ ಖಾತೆಗೆ ಹಾಕಿಬಿಡಿ. ಕರಣೆ, ಮಟ್ಟಗೋಲು, ಡ್ರಿಲ್, ಕಟರ್, ಏಣಿ ಸ್ವಂತಕ್ಕಿರಲಿ. ಬ್ರೇಕರ್, ಮಿಕ್ಸರ್, ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಸಿಗುತ್ತವೆ.

ಹಳೇ ಮನೆಗೆ ಎಸ್ಟಿಮೇಟ್ ಹಾಕುವುದೇ ಕಷ್ಟ. ಹೊಸದುರ್ಗದ ಕಡೆ ಮಾಳಿಗೆ ಮನೆಯೊಂದರ ಜಂತೆಗಳು ಕೆಳಗಿನಿಂದ ಗಟ್ಟಿಯಾಗಿಯೇ ಕಾಣುತ್ತಿದ್ದವು. ಮೇಲಿನ ಮಣ್ಣು ಇಳಿಸಿ ನೋಡಿದರೆ ಬೆರಳಲ್ಲಿ ಒತ್ತಿದಲ್ಲೆಲ್ಲ ಪುಡಿ, ಒಳಗೆಲ್ಲ ಗೆದ್ದಲು. ಜೊತೆಗೆ ಆ ಮಣ್ಣು ಸಾಗಿಸಲು ಟ್ರ್ಯಾಕ್ಟರ್ ಬಾಡಿಗೆ, ದುರ್ಗದಿಂದ 50 ಕಿ.ಮೀ. ಮೀರಿದ ದಾರಿಗೆ ಡೀಸೆಲ್. ಹಿರಿಯೂರಿನ ಎರೆನೆಲದ ಸಮಸ್ಯೆ ಬೇರೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣು ಪಾಯವನ್ನೇ ಕದಲಿಸುತ್ತದೆ. ಬಿರುಕಿಗೆ ಸಿಮೆಂಟ್ ಮೆತ್ತಿ ಬಣ್ಣ ಹೊಡೆದರೆ ಮುಂದಿನ ಬೇಸಿಗೆಗೆ ಗೋಡೆ ಮತ್ತೆ ಬಾಯಿ ಬಿಡುತ್ತದೆ. ಅದಕ್ಕೇ ಎಸ್ಟಿಮೇಟಿನಲ್ಲಿ ‘ಬಿಚ್ಚಿದ ಮೇಲೆ ಗೊತ್ತಾಗುವ ಕೆಲಸ’ ಎಂದು ಶೇ 15ರಷ್ಟು ಬೇರೆಯಾಗಿ ತೋರಿಸಿ ಮನೆಯವರ ಸಹಿ ಹಾಕಿಸುತ್ತೇನೆ.

ಸಿಮೆಂಟಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ. ಹಾಗಿದ್ದರೂ ಹೊಸಬರು ಸಾಮಾನು ಸಹಿತ ಗುತ್ತಿಗೆಗೆ ಹೋಗದಿರುವುದು ಒಳ್ಳೆಯದು. ಸಿಮೆಂಟ್, ಟೈಲ್ಸ್, ಕಬ್ಬಿಣವನ್ನು ಮನೆಯವರೇ ಅಂಗಡಿಯಿಂದ ತರಿಸಿದರೆ ನಮ್ಮ ದುಡ್ಡು ಅಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಕೂಲಿ ಗುತ್ತಿಗೆಯಾದರೆ ಜಿಎಸ್‌ಟಿ ನೋಂದಣಿಯ 20 ಲಕ್ಷದ ವಹಿವಾಟು ಮಿತಿಯನ್ನೂ ಬೇಗ ದಾಟುವುದಿಲ್ಲ.

ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಅದಕ್ಕೆ ಯಾರಿಗೂ ದುಡ್ಡು ಕೊಡಬೇಡಿ. ಮುದ್ರಾ ಯೋಜನೆಯ ಕಿಶೋರ್ ವಿಭಾಗದಲ್ಲಿ 50,000ದಿಂದ 5 ಲಕ್ಷದವರೆಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಆದರೆ ಆಷಾಢದಲ್ಲಿ ಹೊಸ ಕೆಲಸ ಬರದಿದ್ದರೂ ಇಎಂಐ ಬಂದೇ ಬರುತ್ತದೆ, ಅದನ್ನೂ ಬಜೆಟ್ಟಿಗೆ ಸೇರಿಸಿ. ಸ್ವಂತವಾಗಿ ದುಡಿಯುವ ಗಾರೆಯವರು, ಬಡಗಿಗಳು ಪಿಎಂ ವಿಶ್ವಕರ್ಮದಲ್ಲಿ ಹೆಸರು ಬರೆಸಿದರೆ 15,000 ರೂಪಾಯಿವರೆಗಿನ ಟೂಲ್‌ಕಿಟ್ ಸಿಗುತ್ತದೆ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರನ್ನು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೂ ಸೇರಿಸಿ. ಅಷ್ಟಾದರೂ ಏಣಿಯಿಂದ ಬಿದ್ದವನ ಪರಿಹಾರದ ಹೊಣೆ ನಮ್ಮ ತಲೆಯ ಮೇಲೆ ಬರಬಹುದು, ಆದ್ದರಿಂದ ವಿಮೆಯ ಕಂತು ಮೊದಲ ಪಟ್ಟಿಯಲ್ಲೇ ಇರಲಿ.

ಹೊಳಲ್ಕೆರೆ ಕಡೆಯ ತೋಟದವರು, ‘ಅಡಿಕೆ ಮಾರಿದ ಮೇಲೆ ಚುಕ್ತಾ ಮಾಡ್ತೀನಿ ಬಿಡಪ್ಪ’ ಅನ್ನುತ್ತಾರೆ. ಮೋಸದ ಮಾತಲ್ಲ. ಭೀಮಸಮುದ್ರದಲ್ಲಿ ರೇಟು ಬಿದ್ದರೆ ಅಡಿಕೆ ಚೀಲ ಮನೆಯಲ್ಲೇ ಉಳಿಯುತ್ತದೆ, ನಮ್ಮ ದುಡ್ಡೂ ಉಳಿಯುತ್ತದೆ. ನಾನು ಕೆಲಸ ಹಿಡಿಯುವಾಗ ಶೇ 30, ಮಾಡಿನ ಕೆಲಸ ಮುಗಿದಾಗ 30, ಗಾರೆ ಮುಗಿದಾಗ 30 ಎಂದು ಕಂತು ಬರೆಸಿಕೊಳ್ಳುತ್ತೇನೆ. ಅಡಿಕೆಗೆ ಕಾಯುವುದು ಕೊನೆಯ 10 ಮಾತ್ರ, ಅದು ನನ್ನ ಲಾಭದ ಪಾಲು. ಇದಕ್ಕೊಪ್ಪದ ಮನೆಯ ಕೆಲಸ ಎಷ್ಟೇ ದೊಡ್ಡದಿದ್ದರೂ ಮೊದಲ ವರ್ಷ ಹಿಡಿಯಬೇಡಿ.