ಆಕಾಶ ವೀಕ್ಷಕರ ಚೀಲದಲ್ಲಿ ಏನಿರಬೇಕು?

ಅಂಚೆಚೀಟಿ, ನಾಣ್ಯ ಸಂಗ್ರಹಿಸುವ ಗೆಳೆಯರು ನಿಮಗಿರಬಹುದು. ನಕ್ಷತ್ರಗಳನ್ನು ಹಾಗೆ ಕೂಡಿಡಲಾಗದು. ಆದರೆ ಅವುಗಳನ್ನು ನೋಡಿ ಗುರುತಿಸುವುದೂ ಒಂದು ಸೊಗಸಾದ ಹವ್ಯಾಸ. ಇದಕ್ಕೆ ಮೊದಲು ದೂರದರ್ಶಕವೇ ಬೇಕೆಂದು ಹಲವರು ತಿಳಿದಿದ್ದಾರೆ. ದೂರದರ್ಶಕದಲ್ಲಿ ಒಮ್ಮೆಗೆ ಕಾಣುವುದು ಆಕಾಶದ ಒಂದು ಚಿಕ್ಕ ಚೂರು ಮಾತ್ರ. ಅದನ್ನು ಯಾವ ಕಡೆ ತಿರುಗಿಸಬೇಕೆಂದು ತಿಳಿಯದಿದ್ದರೆ ಅದು ಬೇಗನೆ ಮೂಲೆ ಸೇರುತ್ತದೆ. ಆದ್ದರಿಂದ ಸಾಧನಗಳನ್ನು ಒಂದೊಂದಾಗಿ ಕೂಡಿಸಿಕೊಳ್ಳೋಣ.

ಖರ್ಚಿಲ್ಲದ ಸಾಧನಗಳು

ಮೊದಲ ಸಾಧನ ನಿಮ್ಮ ಕಣ್ಣು. ಬೆಳಕಿನಿಂದ ಕತ್ತಲೆಗೆ ಬಂದಾಗ ಅದು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಎರಡನೆಯದು ಮುಷ್ಟಿ. ಕೈಯನ್ನು ನೇರವಾಗಿ ಚಾಚಿ ಹಿಡಿದ ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ.

ಪುಸ್ತಕ ಮತ್ತು ಕೆಂಪು ಟಾರ್ಚು

ಒಂದು ನೋಟ್‌ಬುಕ್, ಪೆನ್ಸಿಲ್ ಮತ್ತು ನಕ್ಷತ್ರ ನಕ್ಷೆ ಇಟ್ಟುಕೊಳ್ಳಿ. ನಕ್ಷೆ ನೋಡಲು ಟಾರ್ಚಿನ ಮುಖಕ್ಕೆ ಕೆಂಪು ಬಣ್ಣದ ಪಾರದರ್ಶಕ ಕಾಗದ ಕಟ್ಟಿ. ಮಂದವಾದ ಕೆಂಪು ಬೆಳಕು ಕತ್ತಲೆಗೆ ಹೊಂದಿಕೊಂಡ ಕಣ್ಣನ್ನು ಹೆಚ್ಚು ಕೆಡಿಸುವುದಿಲ್ಲ.

ನೋಟ್‌ಬುಕ್ಕನ್ನು ಕಡೆಗಣಿಸಬೇಡಿ. 1610ರ ಜನವರಿಯಲ್ಲಿ ಗೆಲಿಲಿಯೋ ಗುರುಗ್ರಹದ ಬಳಿ ಕೆಲವು ಸಣ್ಣ ಚುಕ್ಕೆಗಳನ್ನು ಕಂಡನು. ಪ್ರತಿ ರಾತ್ರಿ ಅವುಗಳ ಸ್ಥಾನವನ್ನು ಬರೆದಿಟ್ಟನು. ಚುಕ್ಕೆಗಳು ಜಾಗ ಬದಲಿಸುತ್ತಿದ್ದವು. ಆದರೆ ಗುರುವನ್ನು ಬಿಟ್ಟು ಹೋಗುತ್ತಿರಲಿಲ್ಲ. ಅವು ಗುರುವಿನ ಸುತ್ತ ತಿರುಗುವ ನಾಲ್ಕು ಉಪಗ್ರಹಗಳೆಂದು ತಿಳಿದದ್ದು ಹೀಗೆ. ಅವನ ದೂರದರ್ಶಕ ಸುಮಾರು 20 ಪಟ್ಟು ಮಾತ್ರ ಹಿಗ್ಗಿಸುತ್ತಿತ್ತು. ಒಂದೇ ರಾತ್ರಿ ನೋಡಿ ಬಿಟ್ಟಿದ್ದರೆ ಅವು ಬರೀ ಚುಕ್ಕೆಗಳಾಗಿಯೇ ಉಳಿಯುತ್ತಿದ್ದವು.

ಬೈನಾಕ್ಯುಲರ್

ಕೆಲವು ನಕ್ಷತ್ರಪುಂಜಗಳ ಪರಿಚಯವಾದ ಮೇಲೆ ಬೈನಾಕ್ಯುಲರ್ ಬಳಸಬಹುದು. ಅದರ ಮೇಲೆ 7×50 ಎಂದು ಬರೆದಿದ್ದರೆ, ಅದು 7 ಪಟ್ಟು ಹಿಗ್ಗಿಸುತ್ತದೆ, ಮುಂದಿನ ಮಸೂರದ ವ್ಯಾಸ 50 ಮಿಲಿಮೀಟರ್ ಎಂದರ್ಥ. ಕತ್ತಲೆಯಲ್ಲಿ ನಮ್ಮ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರ್ ತೆರೆಯುತ್ತದೆ. ಮಸೂರದ ವ್ಯಾಸ ಅದರ ಸುಮಾರು 7 ಪಟ್ಟು. ಹಾಗಾದರೆ ಅದು ಸಂಗ್ರಹಿಸುವ ಬೆಳಕು 7×7, ಅಂದರೆ ಸುಮಾರು 49 ಪಟ್ಟು! ಬರಿಗಣ್ಣಿಗೆ ಆರೇಳು ನಕ್ಷತ್ರಗಳಾಗಿ ಕಾಣುವ ಕೃತ್ತಿಕೆಯಲ್ಲಿ ಆಗ ಹತ್ತಾರು ನಕ್ಷತ್ರಗಳು ಕಾಣುತ್ತವೆ. ಕೈ ನಡುಗದಂತೆ ಮೊಣಕೈಗಳನ್ನು ಗೋಡೆಯ ಮೇಲೆ ಊರಿ ನೋಡಿದರೆ ಗುರುವಿನ ಉಪಗ್ರಹಗಳನ್ನೂ ಕಾಣಬಹುದು.

ಶನಿಯ ಬಳೆಗಳನ್ನು ನೋಡಲು ಮಾತ್ರ ದೂರದರ್ಶಕವೇ ಬೇಕು. ಅದನ್ನು ಕೊಳ್ಳಲೇಬೇಕೆಂದಿಲ್ಲ, ಶಾಲೆ ಅಥವಾ ವಿಜ್ಞಾನ ಸಂಘದವರು ವೀಕ್ಷಣೆ ಏರ್ಪಡಿಸಿದಾಗ ನೋಡಬಹುದು.

ಜೋಪಾನ ಮಾಡುವುದು ಹೇಗೆ?

ಮಳೆಗಾಲದ ತೇವಕ್ಕೆ ಮಸೂರದ ಮೇಲೆ ಬೂಷ್ಟು ಬೆಳೆಯುತ್ತದೆ. ಹೊಸ ಚಪ್ಪಲಿ, ಚೀಲಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳು ತೇವವನ್ನು ಹೀರುತ್ತವೆ. ಅವನ್ನು ಒಡೆಯದೆ, ಮಸೂರದೊಂದಿಗೆ ಮುಚ್ಚಳವಿರುವ ಡಬ್ಬಿಯಲ್ಲಿಡಿ. ಚಿಕ್ಕ ಮಕ್ಕಳ ಕೈಗೆ ಪೊಟ್ಟಣ ಸಿಗದಿರಲಿ. ಮಸೂರವನ್ನು ಅಂಗಿಯಿಂದ ಒರೆಸಬೇಡಿ. ದೂಳಿನ ಕಣಗಳು ಗಾಜನ್ನು ಗೀಚುತ್ತವೆ. ಮೊದಲು ಮೆತ್ತನೆಯ ಕುಂಚದಿಂದ ದೂಳು ತೆಗೆಯಿರಿ.

ಎಚ್ಚರಿಕೆ: ಬೈನಾಕ್ಯುಲರ್ ಅಥವಾ ದೂರದರ್ಶಕದಲ್ಲಿ ಸೂರ್ಯನನ್ನು ಎಂದಿಗೂ ನೋಡಬೇಡಿ. ಕ್ಷಣಮಾತ್ರದಲ್ಲಿ ಕಣ್ಣು ಶಾಶ್ವತವಾಗಿ ಹಾಳಾಗಬಹುದು. ಆಗ ನೋವೂ ತಿಳಿಯುವುದಿಲ್ಲ.

ಮಾಡಿ ನೋಡಿ

ಏಪ್ರಿಲ್, ಮೇ ತಿಂಗಳ ರಾತ್ರಿ ಉತ್ತರದಲ್ಲಿ ಸಪ್ತರ್ಷಿ ಮಂಡಲವನ್ನು ಗುರುತಿಸಿ. ಪುಲಹದಿಂದ ಕ್ರತುವಿನ ಕಡೆಗೆ ಗೆರೆ ಎಳೆದಂತೆ ಭಾವಿಸಿ, ಅವುಗಳ ನಡುವಿನ ದೂರದ ಐದು ಪಟ್ಟು ಮುಂದುವರಿಸಿ. ಅಲ್ಲಿ ಧ್ರುವ ನಕ್ಷತ್ರವಿದೆ. ದಿಗಂತದಿಂದ ಅದು ಎಷ್ಟು ಮುಷ್ಟಿ ಎತ್ತರದಲ್ಲಿದೆ? ಅಳೆದು ಬರೆಯಿರಿ. ಬೆಂಗಳೂರಿನಲ್ಲಿ ಅದು ಸುಮಾರು 13 ಡಿಗ್ರಿ, ಬೀದರಿನಲ್ಲಿ ಸುಮಾರು 18 ಡಿಗ್ರಿ ಎತ್ತರದಲ್ಲಿರುತ್ತದೆ. ಈ ವ್ಯತ್ಯಾಸಕ್ಕೆ ಕಾರಣವೇನು? ಭೂಪಟದಲ್ಲಿ ಈ ಎರಡು ಊರುಗಳ ಅಕ್ಷಾಂಶ ನೋಡಿ, ಯೋಚಿಸಿ.