ನೆನಪಿರುವ ಮಗು ಮತ್ತು ನಿರೂಪಣೆಯ ಹಕ್ಕು: ದತ್ತುಸ್ವೀಕಾರದ ಚಿತ್ರಪುಸ್ತಕಗಳ ಒಂದು ಓದು

ದತ್ತುಮಗುವನ್ನು ಕುರಿತ ಕನ್ನಡದ ಕಥನಕಲ್ಪನೆಯು ಬಹುಮಟ್ಟಿಗೆ ಜನ್ಮರಹಸ್ಯದ ಸುತ್ತ ಬೆಳೆದಿದೆ. ಪಂಪನಲ್ಲಾಗಲಿ ಕುಮಾರವ್ಯಾಸನಲ್ಲಾಗಲಿ ಕರ್ಣನ ದುರಂತವು ತೀವ್ರಗೊಳ್ಳುವುದು ಹುಟ್ಟಿನ ನಿಜ ಅವನಿಗೆ ತಿಳಿದುಬಂದ ಮೇಲೆಯೇ. ತೊಟ್ಟಿಲ ವಯಸ್ಸಿನಲ್ಲಿ ಮಡಿಲು ಬದಲಾದವನ ಕಥೆಗೆ ಈ ವಿನ್ಯಾಸ ಸಹಜವಾದುದು. ಆದರೆ ನಾಲ್ಕನೆಯ ಅಥವಾ ಎಂಟನೆಯ ವಯಸ್ಸಿನಲ್ಲಿ ಹೊಸ ಮನೆಗೆ ಬರುವ ಮಗುವಿನಿಂದ ಮುಚ್ಚಿಡಬೇಕಾದ ರಹಸ್ಯವೇ ಇಲ್ಲ. ಊಟದ ಗಂಟೆಯ ಸದ್ದು, ಪಕ್ಕದಲ್ಲಿ ಮಲಗುತ್ತಿದ್ದ ಗೆಳೆಯನ ಹೆಸರು ಅದಕ್ಕೆ ನೆನಪಿರುತ್ತದೆ. ತಿಳಿಯದಿರುವುದು ಹೊಸ ತಂದೆತಾಯಿಗೆ. ಇಂಥ ಮಗುವಿಗಾಗಿ ಬರೆದ ಚಿತ್ರಪುಸ್ತಕದಲ್ಲಿ ಕಥೆಯನ್ನು ಯಾರು ಹೇಳುತ್ತಾರೆ ಎಂಬ ಪ್ರಶ್ನೆ ಆದ್ದರಿಂದ ಮುಖ್ಯವಾಗುತ್ತದೆ.

ಅಮೆರಿಕದಲ್ಲಿ ಈ ಪ್ರಕಾರದ ಕೃತಿಗಳು ಹೇರಳವಾಗಿವೆ. 1996ರಲ್ಲಿ ಪ್ರಕಟವಾದ ಜೇಮೀ ಲೀ ಕರ್ಟಿಸ್ ಅವರ ‘ಟೆಲ್ ಮಿ ಅಗೇನ್ ಅಬೌಟ್ ದ ನೈಟ್ ಐ ವಾಸ್ ಬಾರ್ನ್’ ಕೃತಿಯಲ್ಲಿ ಹುಡುಗಿಯೊಬ್ಬಳು ತಾನು ಹುಟ್ಟಿದ ರಾತ್ರಿಯ ಕಥೆಯನ್ನು ಮತ್ತೆ ಹೇಳಬೇಕೆಂದು ಕೇಳುತ್ತಾಳೆ. ದನಿ ಮಗುವಿನದು, ನೆನಪು ಹಿರಿಯರದು. ಹಸುಗೂಸಾಗಿ ಬಂದವಳಿಗೆ ಇದು ಒಪ್ಪುತ್ತದೆ. ಇದಕ್ಕೂ ಮೊದಲು, 1990ರಲ್ಲಿ ಬಂದ ಆ್ಯನ್ ಟರ್ನರ್ ಅವರ ‘ಥ್ರೂ ಮೂನ್ ಅಂಡ್ ಸ್ಟಾರ್ಸ್ ಅಂಡ್ ನೈಟ್ ಸ್ಕೈಸ್’ನಲ್ಲಿ ಸಂಬಂಧ ತಿರುಗುಮುರುಗಾಗಿದೆ. ಈ ಬಾರಿ ಕಥೆಯನ್ನು ತಾನೇ ಹೇಳುವುದಾಗಿ ಹುಡುಗ ತಾಯಿಯನ್ನು ತಡೆಯುತ್ತಾನೆ. ದೂರದೇಶದಿಂದ ವಿಮಾನದಲ್ಲಿ ಬಂದವನು ಅವನು. ಹೊಸ ತಂದೆತಾಯಿ, ಬಿಳಿ ಮನೆ, ಕೆಂಪು ನಾಯಿ, ಹಾಸಿಗೆಯ ಮೇಲಿನ ಕೌದಿ ಇವುಗಳ ಭಾವಚಿತ್ರಗಳು ಅವನಿಗೆ ಮೊದಲೇ ತಲುಪಿವೆ. ಬಂದಿಳಿದ ಮೇಲೆ ಹೆದರುತ್ತಲೇ ಒಂದೊಂದನ್ನೂ ಗುರುತಿಸುತ್ತಾನೆ. ಮಾತು ಬೆಸೆಯುವ ಮೊದಲೇ ಚಿತ್ರ ಬೆಸೆಯುತ್ತದೆಂಬುದನ್ನು ಈ ಕೃತಿ ಸೊಗಸಾಗಿ ಕಂಡುಕೊಂಡಿದೆ. ಆದರೂ ಅದರ ಒಲವೆಲ್ಲ ಸೇರಲಿರುವ ಮನೆಯ ಕಡೆಗಿದೆ. ಬಿಟ್ಟುಬಂದ ಮನೆಗೆ ಅಂಥ ಚೌಕಟ್ಟು ಸಿಕ್ಕಿಲ್ಲ.

ಪ್ರಾಣಿಕಥೆಗಳಲ್ಲಿ ಈ ಕೊರತೆ ಇನ್ನೂ ಸ್ಪಷ್ಟ. ಕೇಕೋ ಕಾಸಾ ಅವರ ‘ಎ ಮದರ್ ಫಾರ್ ಚೊಕೊ’ದ ಹಳದಿ ಹಕ್ಕಿ ತನ್ನನ್ನು ಹೋಲುವ ತಾಯಿಯನ್ನು ಹುಡುಕುತ್ತ ಜಿರಾಫೆ, ಪೆಂಗ್ವಿನ್‌ಗಳ ಬಳಿ ಹೋಗಿ, ಕೊನೆಗೆ ಸ್ವಲ್ಪವೂ ಹೋಲದ ಕರಡಿಯಲ್ಲಿ ತಾಯಿಯನ್ನು ಕಾಣುತ್ತದೆ. ರೂಪಸಾಮ್ಯದ ಪ್ರಶ್ನೆ ಬಗೆಹರಿಯಿತು. ಆದರೆ ಹಕ್ಕಿಗೆ ಗತವೇ ಇಲ್ಲ. ಪೋಷಣಾ ಕುಟುಂಬಗಳಲ್ಲಿರುವ ಮಕ್ಕಳಿಗಾಗಿ 2009ರಲ್ಲಿ ಬಂದ ‘ಮರ್ಫೀಸ್ ಥ್ರೀ ಹೋಮ್ಸ್’ನ ನಾಯಿಮರಿಯಾದರೋ ಮನೆಯಿಂದ ಮನೆಗೆ ದಾಟುತ್ತ, ತಪ್ಪೆಲ್ಲ ತನ್ನದೇ ಎಂದು ನಂಬತೊಡಗುತ್ತದೆ. ಕಲೆಯ ದೃಷ್ಟಿಯಿಂದ ಇದು ಸಾಧಾರಣ ಕೃತಿಯಿರಬಹುದು. ಮಗುವಿನ ಮನಸ್ಸಿಗೆ ಹೆಚ್ಚು ಹತ್ತಿರವಾಗಿರುವುದು ಇದೇ.

ಭಾರತದ ಸಂದರ್ಭದಲ್ಲಿ ಇದಕ್ಕೆ ಕಾನೂನಿನ ಆಯಾಮವೂ ಇದೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮದ 12ನೆಯ ಪ್ರಕರಣವು ದತ್ತಕವಾದ ದಿನದಿಂದ ಹುಟ್ಟಿದ ಕುಟುಂಬದ ನಂಟುಗಳೆಲ್ಲ ಕಡಿದುಹೋದಂತೆ ಭಾವಿಸುತ್ತದೆ. ಹಾಗಿದ್ದೂ, ಹುಟ್ಟಿದ ಕುಟುಂಬದಲ್ಲೇ ಉಳಿದಿದ್ದರೆ ಯಾರನ್ನು ಮದುವೆಯಾಗುವಂತಿರಲಿಲ್ಲವೋ ಅವರನ್ನು ದತ್ತಕದ ನಂತರವೂ ಆಗುವಂತಿಲ್ಲ ಎನ್ನುತ್ತದೆ. ಕಾನೂನೇ ಪೂರ್ತಿ ಮರೆಯದ ನಂಟನ್ನು ಏಳು ವರ್ಷದ ಮಗು ಮರೆಯಬೇಕೆಂದು ನಿರೀಕ್ಷಿಸುವುದು ವಿಚಿತ್ರ. ಮಗುವಿನ ಹಿಂದಿನ ಚಿತ್ರ, ಸ್ಥಳ, ಜನರನ್ನು ಮಗುವಿನೊಡನೆಯೇ ಕೂಡಿಸಿ ‘ಜೀವನಕಥೆಯ ಪುಸ್ತಕ’ ಮಾಡುವ ಬ್ರಿಟನ್ನಿನ ಸಮಾಜಕಾರ್ಯಕರ್ತರ ಪದ್ಧತಿ ಈ ಬಿರುಕಿನಲ್ಲೇ ಕೆಲಸ ಮಾಡುತ್ತದೆ. ಅಚ್ಚಾದ ಪುಸ್ತಕ ಕೊಡಲಾರದ್ದನ್ನು ಅಂಟಿಸಿದ ಪುಟಗಳು ಕೊಡುತ್ತವೆ.

ಇಂಥ ಕೃತಿಗಳನ್ನು ಕನ್ನಡಕ್ಕೆ ತರುವವರಿಗೆ ಮೊದಲ ತೊಡಕು ಸಂಬಂಧವಾಚಕಗಳದು. ‘ಹೆತ್ತತಾಯಿ’, ‘ಸಾಕುತಾಯಿ’ ಎಂಬ ಪದಗಳು ಸಿದ್ಧವಾಗಿವೆ. ದೇವಕಿ ಯಶೋದೆಯರನ್ನು ಬೇರ್ಪಡಿಸಿ ಹೇಳಲು ಅವು ಸಾಕು. ಆದರೆ ಯಾವ ಮಗುವೂ ತಾಯಿಯನ್ನು ಹಾಗೆ ಕೂಗುವುದಿಲ್ಲ. ಸಾಕುತಾಯಿ ಎಂಬಲ್ಲಿ ತಾಯ್ತನವು ಎರಡನೆಯ ದರ್ಜೆಗೆ ಇಳಿಯುತ್ತದೆ. ಇಬ್ಬರನ್ನೂ ಬರಿದೆ ‘ಅಮ್ಮ’ ಎಂದರೆ ಪುಟದ ಮೇಲೆ ಗೊಂದಲವಾಗುತ್ತದೆ. ‘ಆ ಊರಿನ ಅಮ್ಮ’, ‘ಈ ಮನೆಯ ಅಮ್ಮ’ ಎಂದು ಮಗುವೇ ಹೇಳಬಹುದಾದ ರೂಪವನ್ನು ಅನುವಾದಕರು ಪರೀಕ್ಷಿಸಿ ನೋಡಬಹುದು. ಅಲ್ಲಿ ಇಬ್ಬರನ್ನೂ ಬೇರ್ಪಡಿಸುವುದು ಊರು ಮತ್ತು ಮನೆ ಮಾತ್ರ.