ಗುಡ್ಡೆಯ ಲೆಕ್ಕ, ಗಿಟುಕಿನ ತೂಕ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತಾ ನಾನು ಕಲಿತ ಪಾಠಗಳಿವು.

1. ಮೊದಲು ಗಿಟುಕು, ಆಮೇಲೆ ವ್ಯಾಖ್ಯೆ. ‘ಸಮಸ್ಥಾನಿ’ಯ (ಐಸೋಟೋಪ್) ವ್ಯಾಖ್ಯೆ ಬರೆಸಿದ ವರ್ಷಗಳಲ್ಲಿ ಮಕ್ಕಳು ಬಾಯಿಪಾಠ ಮಾಡಿದರು, ಅಷ್ಟೆ. ಈಗ ಮೇಜಿನ ಮೇಲೆ ನಾಲ್ಕು ಕೊಬ್ಬರಿ ಗಿಟುಕು ಇಡುತ್ತೇನೆ. ತೂಕ ಬೇರೆ ಬೇರೆ, ನಾಲ್ಕೂ ಕೊಬ್ಬರಿಯೇ. ಕ್ಲೋರಿನ್ ಪರಮಾಣುಗಳಲ್ಲೂ ಪ್ರೋಟಾನ್ 17 ಇದ್ದೇ ಇರುತ್ತವೆ. ನ್ಯೂಟ್ರಾನ್ ಕೆಲವಲ್ಲಿ 18, ಕೆಲವಲ್ಲಿ 20. ಆದ್ದರಿಂದಲೇ ಕ್ಲೋರಿನ್-35, ಕ್ಲೋರಿನ್-37.

2. ಹೋಲಿಕೆಯ ಗಡಿಯನ್ನೂ ಹೇಳಿಬಿಡಿ. ಗಿಟುಕಿನ ತೂಕ ಎಷ್ಟಾದರೂ ಇರಬಹುದು. ಕ್ಲೋರಿನ್-35ರ ಪರಮಾಣುಗಳು ಒಂದಕ್ಕೊಂದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ.

3. ಸರಾಸರಿಗೆ ಪಾಲು ಗೊತ್ತಿರಬೇಕು. 35, 37ರ ಸರಾಸರಿ 36 ಎಂದು ಪ್ರತಿ ವರ್ಷ ಯಾರಾದರೂ ಬರೆಯುತ್ತಾರೆ. ಆಗ ಕೇಳುತ್ತೇನೆ: ‘ಗಿಟುಕಿನ ಗುಡ್ಡೆಯಲ್ಲಿ ಮೂರು ಪಾಲು ಸಣ್ಣದು, ಒಂದು ಪಾಲು ದಪ್ಪದು ಇದ್ರೆ ಸರಾಸರಿ ಯಾವ ಕಡೆ ವಾಲುತ್ತಪ್ಪಾ?’ ಉತ್ತರ ಥಟ್ಟನೆ ಬರುತ್ತದೆ. ಕ್ಲೋರಿನ್‌ನಲ್ಲಿ ಹಗುರದ್ದು ಶೇ. 75.8, ಭಾರದ್ದು ಶೇ. 24.2. ಮೂರು 35, ಒಂದು 37 ಕೂಡಿದರೆ 142. ನಾಲ್ಕರಿಂದ ಭಾಗಿಸಿದರೆ 35.5. ಆವರ್ತ ಕೋಷ್ಟಕದಲ್ಲಿರುವುದು 35.45. ಅಷ್ಟು ತೂಗುವ ಒಂದೇ ಒಂದು ಕ್ಲೋರಿನ್ ಪರಮಾಣುವೂ ಪ್ರಕೃತಿಯಲ್ಲಿಲ್ಲ. ಅದು ಇಡೀ ಗುಡ್ಡೆಯ ಲೆಕ್ಕ. ‘ಹಾಗಾದ್ರೆ ಅರ್ಧ ನ್ಯೂಟ್ರಾನ್ ಇರಲ್ವಾ ಸಾರ್?’ ಎಂಬ ಪ್ರಶ್ನೆ ಬಂದ ದಿನ ಪಾಠ ಇಳಿದಿದೆ ಎಂದು ತಿಳಿಯುತ್ತೇನೆ.

4. ತೋಟದ ಗೊಬ್ಬರವೇ ಪಾಠ. ತೆಂಗಿನ ಬುಡಕ್ಕೆ ಹಾಕುವ ಕೆಂಪು ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್. ಅದರ ಪೊಟ್ಯಾಸಿಯಂನಲ್ಲಿ ಶೇ. 93.3ರಷ್ಟು 39, ಶೇ. 6.7ರಷ್ಟು 41. ಹತ್ತು ಸಾವಿರಕ್ಕೆ ಸುಮಾರು ಒಂದು ಮಾತ್ರ 40. ಅದು ವಿಕಿರಣಶೀಲ, ಅರ್ಧಾಯುಷ್ಯ ಸುಮಾರು 125 ಕೋಟಿ ವರ್ಷ. ‘ಎಳನೀರಲ್ಲೂ ಇದೆಯಾ?’ ಎಂದು ಮಕ್ಕಳು ಗಾಬರಿಯಾಗುತ್ತಾರೆ. ಇದೆ, ನಮ್ಮ ಮೈಯಲ್ಲೂ ಇದೆ. ಆರೋಗ್ಯವಂತ ದೇಹ ಹೆಚ್ಚಾದ ಪೊಟ್ಯಾಸಿಯಂ ಅನ್ನು ಮೂತ್ರದಲ್ಲಿ ಹೊರಹಾಕಿ ಹದದಲ್ಲಿ ಇಟ್ಟುಕೊಳ್ಳುತ್ತದೆ. ಎಳನೀರು ಕುಡಿದರೆ ಪೊಟ್ಯಾಸಿಯಂ-40 ಮೈಯಲ್ಲಿ ಶೇಖರವಾಗುವುದಿಲ್ಲ.

5. ಸ್ಥಾನ ಕೊಡುವುದು ತೂಕವಲ್ಲ. ಕೋಷ್ಟಕದಲ್ಲಿ 39.95ರ ಆರ್ಗಾನ್ ಮುಂದೆ, 39.10ರ ಪೊಟ್ಯಾಸಿಯಂ ಹಿಂದೆ. ಆರ್ಗಾನ್‌ಗೆ ಪ್ರೋಟಾನ್ 18, ಪೊಟ್ಯಾಸಿಯಂಗೆ 19, ಕ್ರಮ ಅದರದ್ದೇ. ಗಾಳಿಯಲ್ಲಿರುವ ಆರ್ಗಾನ್ ಬಹುಪಾಲು ಹಿಂದೆ ಹೇಳಿದ ಪೊಟ್ಯಾಸಿಯಂ-40 ಕ್ಷಯಿಸಿ ಹುಟ್ಟಿದ್ದು. ಅದು ಭಾರವಾಗಿರುವುದಕ್ಕೆ ಕಾರಣವೂ ಇದೇ. ತೂಕ ಬೇರೆಯಾದರೂ ಒಂದೇ ಸ್ಥಾನದಲ್ಲಿ ಕೂರುವ ಪರಮಾಣುಗಳಿಗೆ ‘ಐಸೋಟೋಪ್’ ಎಂಬ ಹೆಸರನ್ನು ಫ್ರೆಡರಿಕ್ ಸಾಡಿ ಬಳಕೆಗೆ ತಂದದ್ದು 1913ರಲ್ಲಿ.

ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಒಂದೇ: ಮಕ್ಕಳ ಕೈಗೆ ಮೊದಲು ತಕ್ಕಡಿ ಕೊಡಿ, ವ್ಯಾಖ್ಯೆಯನ್ನು ಅವರೇ ಹೇಳುತ್ತಾರೆ.